ಮುಪ್ಪಿನ ನಡಿಗೆ



ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉಂಡೆದ್ದ ಅಜ್ಜ ಮತ್ತೆ ಎಲೆ ಹಾಕಿರೆಂದರೆ ಮನೆಯವರು ಈ ಗಾದೆ ಹೇಳಿ ನಕ್ಕು ಸುಮ್ಮನಾಗುತ್ತಾರೆ. ಗಾದೆಗಳನ್ನು ಪಾಠ ಹೇಳಿಯೇ ಬದುಕಿದ ನನಗೂ ಈ ಒಂದು ಗಾದೆಯ ಮೇಲೆ ಕೋಪವುಂಟು. ವಯಸ್ಸಾದವರಿಗೆಲ್ಲ ಮರುಳು ಹಿಡಿಯುವುದಿಲ್ಲ. ಹಿಡಿದರೆ ಅದು ವಯಸ್ಸಿನ ಸಹಜಗುಣವಲ್ಲ, ಮಿದುಳಿನ ಕಾಯಿಲೆ. ವೈದ್ಯರು ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಕನ್ನಡದಲ್ಲಿ ಮರೆಗುಳಿ ರೋಗವೆನ್ನೋಣ. ೨೦೨೩ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಅರವತ್ತು ತುಂಬಿದವರಲ್ಲಿ ಶೇಕಡ ೭.೪ರಷ್ಟು ಜನರಿಗೆ, ಎಂದರೆ ಸುಮಾರು ೮೮ ಲಕ್ಷ ಮಂದಿಗೆ ಇದು ಇದೆ.

ಇಂದು ನಾನು ಹೇಳಹೊರಟಿರುವುದು ಮರೆವಿನ ವಿಷಯಕ್ಕಿಂತ ಹೆಚ್ಚಾಗಿ ಕಾಲಿನ ವಿಷಯ.

ನಡೆಯುವುದು ಕಾಲಿನ ಕೆಲಸವೆಂದು ನಾವು ತಿಳಿದಿದ್ದೇವೆ. ಸಿಗಂದೂರಿನ ಕಡೆಯ ಒಂದು ಮನೆಯನ್ನು ನೆನೆಯಿರಿ. ಅಂಗಳ ಇಳಿದು, ಉಣಗೋಲು ದಾಟಿ, ಸಂಕದ ಮೇಲೆ ಹೆಜ್ಜೆಯಿಟ್ಟು ಅಡಿಕೆಯ ತೋಟಕ್ಕೆ ಹೋಗಬೇಕು. ಮಳೆಗಾಲದಲ್ಲಿ ಕಲ್ಲಿನ ಮೇಲೆಲ್ಲ ಪಾಚಿ. ಎಲ್ಲಿ ಕಾಲಿಡಬೇಕು, ಎಷ್ಟು ಎತ್ತಬೇಕು, ಎಲ್ಲಿ ತಡೆಯಬೇಕು, ಇದನ್ನೆಲ್ಲ ಲೆಕ್ಕಹಾಕುವುದು ಮಿದುಳು. ಗಮನಕ್ಕೂ ಯೋಚನೆಗೂ ಬೇಕಾದ ಮಿದುಳಿನ ಭಾಗಗಳೇ ನಡಿಗೆಗೂ ಬೇಕು. ಆದುದರಿಂದ ಮಾತಿನಲ್ಲಿ ತಪ್ಪು ಕಾಣುವ ಮೊದಲೇ ಕೆಲವರ ಹೆಜ್ಜೆಯಲ್ಲಿ ತಪ್ಪು ಕಾಣುವುದುಂಟು.

ಪದ್ಯಕ್ಕೂ ನಾವು ನಡೆಯೆಂದೇ ಹೇಳುತ್ತೇವೆ. ಭಾಮಿನಿ ಷಟ್ಪದಿ ಮೂರು ನಾಲ್ಕು ಮಾತ್ರೆಗಳ ಗಣಗಳಲ್ಲಿ ಸಾಗುತ್ತದೆ. ಒಂದು ಮಾತ್ರೆ ಜಾರಿದರೂ ಅರ್ಥ ತಿಳಿಯದ ಹುಡುಗನ ಕಿವಿಗೂ ಅದು ಗೊತ್ತಾಗುತ್ತದೆ. ನಡಿಗೆಯಲ್ಲಿ ತಜ್ಞರು ನೋಡುವುದೂ ಹೆಚ್ಚುಕಡಿಮೆ ಇದನ್ನೇ: ವೇಗವೆಷ್ಟು, ಹೆಜ್ಜೆ ಎಷ್ಟು ಉದ್ದ, ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವಣ ಕಾಲ ಸಮನಾಗಿದೆಯೇ?

೧೯೯೭ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಸರಳ ಸಂಗತಿಯನ್ನು ಪ್ರಕಟಿಸಿದರು. ನಡೆಯುತ್ತಿರುವ ವೃದ್ಧರನ್ನು ಮಾತನಾಡಿಸಿದಾಗ ಕೆಲವರು ಉತ್ತರ ಕೊಡಲು ನಿಂತುಬಿಡುತ್ತಿದ್ದರು. ಮುಂದೆ ಹೆಚ್ಚಾಗಿ ಬಿದ್ದವರು ಅವರೇ. ೨೦೧೩ರಲ್ಲಿ ಅಮೆರಿಕದ ಜೋ ವರ್ಗೀಸ್ ಮತ್ತು ಸಂಗಡಿಗರು, ನಿಧಾನವಾದ ನಡಿಗೆಯೂ ಮರೆವಿನ ದೂರೂ ಒಟ್ಟಿಗೆ ಇದ್ದವರಲ್ಲಿ ಮುಂದೆ ಈ ರೋಗ ಬರುವ ಸಂಭವ ಹೆಚ್ಚೆಂದು ತೋರಿಸಿದರು. ಈ ಪರೀಕ್ಷೆಗೆ ಬೇಕಾದುದು ಒಂದು ಗಡಿಯಾರ, ನಾಲ್ಕಾರು ಪ್ರಶ್ನೆ. ೨೦೧೭ರಲ್ಲಿ ಕೆನಡದಿಂದ ಬಂದ ವರದಿ ಇನ್ನೂ ಸ್ವಾರಸ್ಯವಾದುದು. ಆಗಲೇ ಅಲ್ಪ ಮರೆವಿದ್ದ ವೃದ್ಧರಿಗೆ, ಪ್ರಾಣಿಗಳ ಹೆಸರು ಹೇಳುತ್ತಲೋ ಎಣಿಕೆಯನ್ನು ಹಿಂದುಮುಂದಾಗಿ ಹೇಳುತ್ತಲೋ ನಡೆಯಿರೆಂದರು. ಹಾಗೆ ನಡೆಯುವಾಗ ವೇಗ ಐದರಲ್ಲೊಂದು ಪಾಲು ಅಥವಾ ಅದಕ್ಕೂ ಹೆಚ್ಚು ಕುಗ್ಗಿದವರಲ್ಲಿ ರೋಗಕ್ಕೆ ತಿರುಗುವ ಅಪಾಯ ಇತರರಿಗಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು.

ಇಷ್ಟು ಕೇಳಿದೊಡನೆ ಮನೆಯ ಹಿರಿಯರನ್ನು ನಡೆಸಿ ತೀರ್ಪು ಕೊಡಲು ಹೊರಡಬೇಡಿ. ಮಂಡಿನೋವು, ಕಣ್ಣಿನ ಪೊರೆ, ಸಡಿಲವಾದ ಚಪ್ಪಲಿ, ನಿದ್ರೆಯ ಮಾತ್ರೆ, ಇವುಗಳಿಂದಲೂ ನಡಿಗೆ ನಿಧಾನವಾಗುತ್ತದೆ. ನೋಡಬೇಕಾದುದು ಅದೇ ವ್ಯಕ್ತಿಯ ಹಿಂದಿನ ನಡಿಗೆಗೂ ಇಂದಿನ ನಡಿಗೆಗೂ ಇರುವ ಅಂತರ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದ ಮಿದುಳು ಸಂಶೋಧನ ಕೇಂದ್ರದವರು ನಲವತ್ತೈದು ದಾಟಿದವರನ್ನು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸುತ್ತಿರುವುದು ಇಂತಹ ಅಂತರಗಳನ್ನು ತಿಳಿಯಲಿಕ್ಕಾಗಿಯೇ. ದಿನವೂ ಜೊತೆಗಿರುವವರ ಕಣ್ಣಿಗೆ ಇದು ಬೀಳುವುದು ಕಷ್ಟ. ಪಟ್ಟಣದಲ್ಲಿದ್ದು ದೀಪಾವಳಿಗೆ ಊರಿಗೆ ಹೋಗುವ ಮಗನಿಗೆ, ಮಗಳಿಗೆ ಬೇಗ ಕಾಣುತ್ತದೆ. ಜಗಲಿಯಲ್ಲೋ ಸಮತಟ್ಟಾದ ಅಂಗಳದಲ್ಲೋ ಜೊತೆಯಲ್ಲೇ ನಡೆಯುತ್ತ ನೆಂಟರ ಸುದ್ದಿ ಕೇಳಿ ನೋಡಿ. ಸಂಕದ ಮೇಲೆ ಮಾತ್ರ ಮಾತನಾಡಿಸಬೇಡಿ.

ಬೇಗ ತೋರಿಸುವುದರಿಂದ ಏನು ಫಲ? ಒಂದು ಉದಾಹರಣೆ ಕೊಡುತ್ತೇನೆ. ಮಿದುಳಿನ ಕುಹರಗಳಲ್ಲಿ ನೀರು ಹೆಚ್ಚಾಗಿ ಸೇರುವ ಒಂದು ಕಾಯಿಲೆಯುಂಟು. ಕೊಲಂಬಿಯದ ವೈದ್ಯ ಹಕೀಮರು ಅದನ್ನು ೧೯೬೫ರಲ್ಲಿ ವಿವರಿಸಿದರು. ಪಾದ ನೆಲಕ್ಕೆ ಅಂಟಿಕೊಂಡಂತೆ ಎಳೆದೆಳೆದು ನಡೆಯುವುದು, ಮೂತ್ರ ತಡೆಯಲಾಗದಿರುವುದು, ಮರೆವು, ಇವು ಮೂರೂ ಅದರ ಗುರುತು. ಸಣ್ಣ ನಾಳವನ್ನಿಟ್ಟು ನೀರನ್ನು ಹರಿಯಬಿಟ್ಟರೆ ಅನೇಕರ ನಡಿಗೆ ಸುಧಾರಿಸುತ್ತದೆ. ಬಿ೧೨ ಜೀವಸತ್ವದ ಕೊರತೆಯಿಂದಲೂ ಹೆಜ್ಜೆ, ನೆನಪು ಎರಡೂ ಕೆಡುತ್ತವೆ. ಅದಕ್ಕೂ ಚಿಕಿತ್ಸೆ ಇದೆ. ಇಂತಹವರನ್ನು ಅರಳು ಮರಳೆಂದು ಮೂಲೆಯಲ್ಲಿ ಕೂರಿಸಿದರೆ ಅದು ಅನ್ಯಾಯವಲ್ಲವೆ?

ಲಿಂಗನಮಕ್ಕಿಯ ನೀರು ನಿಂತ ಮೇಲೆ ಸಿಗಂದೂರು, ತುಮರಿಯ ಕಡೆಯವರು ಸಾಗರಕ್ಕೆ ಬರಲು ಲಾಂಚನ್ನೇ ಕಾಯಬೇಕಾಗಿತ್ತು. ರಾತ್ರಿ ಅದೂ ಇರಲಿಲ್ಲ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ೨೦೨೫ರ ಜುಲೈ ೧೪ರಂದು ತೆರೆದಿದೆ. ಸಾಗರದ ಆಸ್ಪತ್ರೆಗೆ ಮೊದಲು ತೋರಿಸಿ. ಬೇಕಾದರೆ ಅವರೇ ಶಿವಮೊಗ್ಗಕ್ಕೋ ಬೆಂಗಳೂರಿನ ನಿಮ್ಹಾನ್ಸಿಗೋ ಕಳುಹಿಸುತ್ತಾರೆ. ಹೋಗುವಾಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಒಯ್ಯಿರಿ. ನಡಿಗೆ ಯಾವಾಗಿನಿಂದ ಬದಲಾಯಿತು, ಎಷ್ಟು ಸಲ ಬಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರ ಕೋಣೆಯೊಳಗೆ ಹಿರಿಯರನ್ನು ಕೈಹಿಡಿದು ನಡೆಸದೆ, ಪಕ್ಕದಲ್ಲೇ ಇದ್ದು, ಅವರಷ್ಟಕ್ಕೆ ಅವರನ್ನು ನಡೆಯಗೊಡಿ.