ಹಳೆಯ ಆವೃತ್ತಿಯ ಮೇಲಣ ಒಲವು

ಪುಸ್ತಕಗಳಲ್ಲಿ ಹಳೆಯ ಮುದ್ರಣವನ್ನು ಹುಡುಕಿಕೊಂಡು ಹೋಗುವವರನ್ನು ನಾವೆಲ್ಲ ಬಲ್ಲೆವು. ಪರಿಷ್ಕೃತ ಮುದ್ರಣ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುತ್ತಿದ್ದರೂ ‘ಮೊದಲ ಅಚ್ಚಿನದೇ ಬೇಕು’ ಎಂದು ಹಟ ಹಿಡಿಯುವವರುಂಟು. ಆದರೆ ಆಟಕ್ಕೂ ಆವೃತ್ತಿಗಳಿವೆ, ಅದರಲ್ಲಿಯೂ ಹಳೆಯದನ್ನೇ ಬಯಸುವವರಿದ್ದಾರೆ ಎಂದರೆ ಕೆಲವರಿಗೆ ಸೋಜಿಗವಾದೀತು. ಕಂಪ್ಯೂಟರಿನ ಮೇಲೆ ಆಡುವ ಅಂಥ ಒಂದು ಆಟವನ್ನು ಕುರಿತು ಈಗ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಅದು ಕಾಲ್ಚೆಂಡಿನ ತಂಡವೊಂದನ್ನು ನಡೆಸುವ ಆಟ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಮ್ಯಾನೇಜರ್ ಎಂಬೊಬ್ಬನಿರುತ್ತಾನೆ. ಹನ್ನೊಂದು ಮಂದಿಯನ್ನು ಆರಿಸುವುದು, ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವುದು, ಕೈಯಲ್ಲಿರುವ ಹಣಕ್ಕೆ ತಕ್ಕಂತೆ ಆಟಗಾರರನ್ನು ಕೊಳ್ಳುವುದು, ಮಾರುವುದು, ತಂಡ ಸೋತರೆ ಬೈಗಳನ್ನು ಕೇಳುವುದು, ಇವೆಲ್ಲ ಅವನ ಪಾಲಿನವು. ಕಂಪ್ಯೂಟರಿನ ಮುಂದೆ ಕುಳಿತವನು ಆ ಮ್ಯಾನೇಜರನ ಸ್ಥಾನವನ್ನು ವಹಿಸುತ್ತಾನೆ. ಪಂದ್ಯ ಆರಂಭವಾದ ಮೇಲೆ ಅವನು ಮಾಡಬಹುದಾದ್ದು ಕಡಿಮೆ. ಅಂಚಿನಲ್ಲಿ ನಿಂತು ನೋಡಬೇಕು, ಒಬ್ಬನನ್ನು ಕರೆದು ಇನ್ನೊಬ್ಬನನ್ನು ಕಳಿಸಬೇಕು, ಅಷ್ಟೆ. ನಮ್ಮಂಥ ಉಪಾಧ್ಯಾಯರ ಕೆಲಸಕ್ಕೂ ಇದಕ್ಕೂ ಹೋಲಿಕೆ ಇದೆ. ವರ್ಷವೆಲ್ಲ ಹೇಳಿಕೊಟ್ಟವರು ಪರೀಕ್ಷೆಯ ದಿನ ಬಾಗಿಲ ಹೊರಗೆ ನಿಲ್ಲಬೇಕಲ್ಲವೆ?

ಈ ಬಗೆಯ ಆಟಕ್ಕೆ ಮೊದಲಿಗೆ ದಾರಿ ತೋರಿದವರಲ್ಲಿ ಕೆವಿನ್ ಟಾಮ್ಸ್ ಪ್ರಮುಖರು. ಅವರ ‘ಫುಟ್‌ಬಾಲ್ ಮ್ಯಾನೇಜರ್’ ೧೯೮೨ರಲ್ಲಿ ಬಂದಿತು. ಅದಾದ ಹತ್ತು ವರ್ಷಕ್ಕೆ, ೧೯೯೨ರಲ್ಲಿ, ಪಾಲ್ ಕಾಲಿಯರ್ ಮತ್ತು ಆಲಿವರ್ ಕಾಲಿಯರ್ ಎಂಬ ಸೋದರರು ರಚಿಸಿದ ‘ಚಾಂಪಿಯನ್‌ಷಿಪ್ ಮ್ಯಾನೇಜರ್’ ಹೊರಬಿತ್ತು. ಮೊದಲ ಆವೃತ್ತಿಯಲ್ಲಿ ಆಟಗಾರರ ಹೆಸರುಗಳೆಲ್ಲ ಕಲ್ಪಿತವಾಗಿದ್ದವು; ಮರುವರ್ಷ ನಿಜವಾದ ಹೆಸರುಗಳು ಬಂದವು. ೧೯೯೪ರಲ್ಲಿ ಸೋದರರು ‘ಸ್ಪೋರ್ಟ್ಸ್ ಇಂಟರ್ಯಾಕ್ಟಿವ್’ ಎಂಬ ಸಂಸ್ಥೆಯನ್ನು ಕಟ್ಟಿದರು. ೨೦೦೩ರಲ್ಲಿ ಈ ಸಂಸ್ಥೆಯೂ ಪ್ರಕಾಶಕರಾದ ಐಡಾಸ್ ಕಂಪನಿಯೂ ಬೇರೆಯಾಗಲು ನಿರ್ಧರಿಸಿದಾಗ ಆಟದ ಹೆಸರು ಪ್ರಕಾಶಕರ ಬಳಿ ಉಳಿಯಿತು. ಒಳಗಿನ ರಚನೆಯೂ ಮಾಹಿತಿಯ ಭಂಡಾರವೂ ರಚಿಸಿದವರಿಗೆ ಬಂದವು. ಅವಿಭಕ್ತ ಕುಟುಂಬ ಪಾಲಾದಾಗ ಮನೆತನದ ಹೆಸರು ಒಬ್ಬನಿಗೂ ಅಡುಗೆಯ ಹದ ಇನ್ನೊಬ್ಬನಿಗೂ ಹೋದ ಹಾಗೆ. ರಚಿಸಿದವರು ೨೦೦೪ರಿಂದ ತಮ್ಮ ಆಟವನ್ನು ‘ಫುಟ್‌ಬಾಲ್ ಮ್ಯಾನೇಜರ್’ ಎಂದು ಕರೆದರು. ಟಾಮ್ಸರ ಹಳೆಯ ಹೆಸರೇ ಹೀಗೆ ಮರಳಿ ಬಂದಿತು.

ಈ ದೀರ್ಘ ಪರಂಪರೆಯ ನಡುವೆ ೨೦೦೧ನೆಯ ಅಕ್ಟೋಬರಿನಲ್ಲಿ ಪ್ರಕಟವಾದ ೨೦೦೧-೦೨ರ ಆವೃತ್ತಿಯೊಂದಿದೆ. ಅದಾದ ಮೇಲೆ ಎಷ್ಟೋ ಆವೃತ್ತಿಗಳು ಬಂದಿವೆ. ಆದರೂ ಎರಡು ದಶಕಗಳು ಕಳೆದ ಮೇಲೂ ಅದನ್ನೇ ಆಡುವವರು ನಾನಾ ದೇಶಗಳಲ್ಲಿದ್ದಾರೆ. ಅದನ್ನೂ ಆಮೇಲಿನ ಕೆಲವನ್ನೂ ನಾನು ಆಡಿ ನೋಡಿರುವುದರಿಂದ, ಈ ಒಲವಿಗೆ ಕಾರಣವೇನೆಂದು ವಿಚಾರಮಾಡುವ ಅಧಿಕಾರ ನನಗೂ ಸ್ವಲ್ಪ ಇದೆಯೆಂದು ಭಾವಿಸಿದ್ದೇನೆ.

ಮೊದಲನೆಯ ಕಾರಣ, ಆ ಆವೃತ್ತಿಯಲ್ಲಿ ಪಂದ್ಯದ ಚಿತ್ರವಿಲ್ಲ. ಮೈದಾನವೂ ಕಾಣದು, ಚೆಂಡೂ ಕಾಣದು. ಪರದೆಯ ಮೇಲೆ ಒಂದೊಂದು ಸಾಲು ಮಾತು ಬರುತ್ತದೆ. ಚೆಂಡು ಎಡಗಡೆಗೆ ಬಂದಿತು. ಅಡ್ಡಲಾಗಿ ಎತ್ತಿ ಹಾಕಿದ. ಇನ್ನೊಬ್ಬ ತಲೆ ಕೊಟ್ಟ. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಗೋಲಾಗಿದ್ದರೆ ಸಾಲು ಮಿನುಗುತ್ತದೆ. ಆ ಒಂದು ಕ್ಷಣದ ಮೌನದಲ್ಲಿ ಆಡುವವನ ಮನಸ್ಸು ಇಡೀ ಮೈದಾನವನ್ನು ತಾನೇ ಕಟ್ಟಿಕೊಂಡಿರುತ್ತದೆ. ರೇಡಿಯೋದಲ್ಲಿ ಪಂದ್ಯದ ವರ್ಣನೆಯನ್ನು ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಕರಾವಳಿ ಮಲೆನಾಡುಗಳ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಪಂಚೆ ಶಲ್ಯಗಳಲ್ಲಿ ಕುಳಿತ ಅರ್ಥಧಾರಿ ಬರಿಯ ಮಾತಿನಿಂದ ಕರ್ಣಾರ್ಜುನರ ಕಾಳಗವನ್ನು ನಮ್ಮ ಕಣ್ಣಮುಂದೆ ನಿಲ್ಲಿಸುತ್ತಾನೆ. ಹಾಗೆಂದು ಬಯಲಾಟ ಕೀಳೆಂದು ಯಾರೂ ಹೇಳುವುದಿಲ್ಲ; ಎರಡರ ಸುಖವೂ ಬೇರೆ ಬೇರೆ. ಈ ಆಟದಲ್ಲಿ ೨೦೦೩ರ ಆವೃತ್ತಿಯಿಂದ ಮೈದಾನವನ್ನು ಮೇಲಿನಿಂದ ನೋಡಿದಂತೆ ತೋರಿಸತೊಡಗಿದರು. ಆಟಗಾರರು ಬಣ್ಣದ ಬೊಟ್ಟುಗಳಾದರು. ೨೦೦೯ರ ಹೆಸರಿನ ಆವೃತ್ತಿಯಲ್ಲಿ ಅವರಿಗೆ ಕೈಕಾಲುಗಳು ಮೂಡಿದವು. ಕೈಕಾಲು ಮೂಡಿದೊಡನೆ ಆಡುವವನ ಮನಸ್ಸು ಕಲ್ಪಿಸುವುದನ್ನು ಬಿಟ್ಟು ತಪ್ಪು ಹುಡುಕಲು ತೊಡಗುತ್ತದೆ. ‘ಇವನೇಕೆ ಹೀಗೆ ಓಡಿದ? ಅವನೇಕೆ ಸುಮ್ಮನೆ ನಿಂತ?’ ಹೇಳದೆ ಬಿಟ್ಟದ್ದರಲ್ಲಿ ಯಾರೂ ತಪ್ಪು ಹುಡುಕಲಾರರು. ಧ್ವನಿಯೇ ಕಾವ್ಯದ ಜೀವವೆಂದ ನಮ್ಮ ಆಲಂಕಾರಿಕರು ಇದನ್ನು ಚೆನ್ನಾಗಿ ಅರಿತಿದ್ದರು.

ಎರಡನೆಯ ಕಾರಣ, ಕಾಲ. ಹಳೆಯ ಆವೃತ್ತಿಯಲ್ಲಿ ದಿನಗಳು ಸರಸರನೆ ಸರಿಯುತ್ತವೆ. ಬಿಡುವಿರುವ ಒಂದೆರಡು ದಿನಗಳಲ್ಲಿ ಇಡೀ ಋತುವನ್ನು ಮುಗಿಸಬಹುದು. ಹೊಸ ಆವೃತ್ತಿಗಳಲ್ಲಿ ಹಾಗಿಲ್ಲ. ೨೦೦೬ರ ಹೆಸರಿನ ಆವೃತ್ತಿಯಲ್ಲಿ ತಂಡಕ್ಕೆ ಹೇಳುವ ಮಾತು ಸೇರಿತು. ೨೦೦೯ರದ್ದರಲ್ಲಿ ಪತ್ರಿಕಾಗೋಷ್ಠಿ ಸೇರಿತು. ತರಬೇತಿಯ ವೇಳಾಪಟ್ಟಿ, ಮುನಿಸಿಕೊಂಡ ಆಟಗಾರನೊಡನೆ ಸಂಧಾನ, ಸಹಾಯಕರ ವರದಿಗಳು, ಹೀಗೆ ಒಂದೊಂದಾಗಿ ಕೂಡುತ್ತ ಬಂದವು. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಸಮರ್ಥನೆಯಿದೆ. ನಿಜವಾದ ಮ್ಯಾನೇಜರನು ಪತ್ರಕರ್ತರಿಗೆ ಉತ್ತರ ಕೊಡುವುದು ಸುಳ್ಳೇ? ಆದರೆ ಒಟ್ಟಿನಲ್ಲಿ ನೋಡಿದರೆ ಆಟದ ಸ್ವಭಾವವೇ ಬೇರೆಯಾಗಿ ಹೋಯಿತು. ಒಂದು ಗಟ್ಟಿ ನಿರ್ಧಾರ ಕೈಕೊಂಡು ಅದರ ಫಲಕ್ಕಾಗಿ ಕಾಯುವ ಸುಖದ ಜಾಗದಲ್ಲಿ ಕಡತ ವಿಲೇವಾರಿ ಮಾಡುವ ದುಡಿಮೆ ಬಂದು ಕುಳಿತಿತು. ದಿನವೆಲ್ಲ ಕಚೇರಿಯಲ್ಲಿ ದುಡಿದು ಬಂದವನಿಗೆ ರಾತ್ರಿ ಮನೆಯಲ್ಲಿ ಇನ್ನೊಂದು ಕಚೇರಿ!

ಇದು ಯಾರೋ ಒಬ್ಬರ ಅವಿವೇಕದಿಂದ ಆದದ್ದಲ್ಲ. ವ್ಯಾಪಾರದ ರೀತಿಯೇ ಹಾಗೆ. ವರ್ಷಕ್ಕೊಂದು ಆವೃತ್ತಿಯನ್ನು ಮಾರಬೇಕಾದವನು ವರ್ಷಕ್ಕೊಮ್ಮೆ ‘ಇದರಲ್ಲಿ ಹೊಸದೇನು?’ ಎಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕು. ‘ಹೊಸದಾಗಿ ಇದನ್ನು ಸೇರಿಸಿದ್ದೇವೆ’ ಎನ್ನುವುದು ಸುಲಭ. ‘ಬೇಡವಾದ್ದನ್ನು ತೆಗೆದಿದ್ದೇವೆ’ ಎಂದು ಹೇಳಿ ಹಣ ಕೇಳುವುದು ಕಷ್ಟ. ಕೃತಿಯೊಂದಕ್ಕೆ ‘ಇಲ್ಲಿಗೆ ಸಾಕು’ ಎನ್ನುವ ಒಂದು ಗಳಿಗೆ ಇರುತ್ತದೆ. ಕವಿಗೆ ಅದು ತಿಳಿಯುತ್ತದೆ. ತಿಳಿದರೆ ಲೇಖನಿಯನ್ನು ಕೆಳಗಿಡುವ ಸ್ವಾತಂತ್ರ್ಯವೂ ಅವನಿಗಿದೆ. ವರ್ಷವರ್ಷ ಮಾರಬೇಕಾದ ಕೃತಿಗೆ ಆ ಸ್ವಾತಂತ್ರ್ಯವಿಲ್ಲ. ಆದ್ದರಿಂದ ‘ಸಾಕು’ ಎಂಬ ತೀರ್ಪನ್ನು ಮಾಡಿದವರ ಪರವಾಗಿ ಆಡುವವರೇ ಕೊಟ್ಟರು. ೨೦೦೧-೦೨ರ ಆವೃತ್ತಿಯ ಅಭಿಮಾನಿಗಳು ಮಾಡಿದ್ದು ಇದನ್ನೇ.

ಮೂರನೆಯದಾಗಿ, ಹಳೆಯ ಆವೃತ್ತಿ ಒಂದು ಶಾಸನದಂತೆ. ಜಿದಾನ್ ಆಗತಾನೆ ಮ್ಯಾಡ್ರಿಡ್ ನಗರಕ್ಕೆ ಬಂದಿದ್ದ, ಮ್ಯಾಂಚೆಸ್ಟರಿನಲ್ಲಿ ಫರ್ಗುಸನ್ನರೂ ಆರ್ಸೆನಲ್ಲಿನಲ್ಲಿ ವೆಂಗರರೂ ಎದುರಾಳಿಗಳಾಗಿದ್ದ ೨೦೦೧ನೆಯ ವರ್ಷ ಅದರೊಳಗೆ ಹಾಗೆಯೇ ನಿಂತಿದೆ. ಒಬ್ಬೊಬ್ಬ ಆಟಗಾರನ ಓಟ, ಒದೆತ, ಧೈರ್ಯ, ಸಹನೆಗಳಿಗೆ ೧ರಿಂದ ೨೦ರವರೆಗೆ ಅಂಕಗಳನ್ನು ಕೊಟ್ಟಿದ್ದಾರೆ. ಈ ಅಂಕಗಳನ್ನು ಒದಗಿಸಲು ಊರೂರುಗಳಲ್ಲಿ ಮಾಹಿತಿ ಸಂಗ್ರಾಹಕರಿದ್ದರು. ಓಲೆಗರಿಯ ಪ್ರತಿಗಳಲ್ಲಿ ಲಿಪಿಕಾರರು ತಮ್ಮದೊಂದು ಪದ್ಯವನ್ನು ಸೇರಿಸಿಬಿಡುವಂತೆ, ಪೋರ್ಚುಗಲ್ಲಿನ ಒಬ್ಬ ಸಂಗ್ರಾಹಕ ಟೊ ಮಡೇರಾ ಎಂಬ ಅಸಾಧಾರಣ ಗೋಲುಗಾರನನ್ನು ಒಂದು ಚಿಕ್ಕ ಕ್ಲಬ್ಬಿನಲ್ಲಿ ಸೃಷ್ಟಿಸಿ ಸೇರಿಸಿದ. ಅವನನ್ನು ಕೊಂಡವರೆಲ್ಲ ಗೆದ್ದರು! ಗುಟ್ಟು ಬಯಲಾದ ಮೇಲೆ ತಿದ್ದುಪಡಿಯಲ್ಲಿ ಆ ಹೆಸರನ್ನು ಕಿತ್ತುಹಾಕಿದರು. ಪ್ರಕ್ಷಿಪ್ತ ಭಾಗಗಳನ್ನು ಗುರುತಿಸಿ ತೆಗೆಯುವ ಕೆಲಸ ಪಂಡಿತರಿಗೆ ಮಾತ್ರ ಬಂದದ್ದಲ್ಲವೆಂದು ಇದರಿಂದ ತಿಳಿಯುತ್ತದೆ. ಸ್ವಾರಸ್ಯವೆಂದರೆ, ಇಂದಿಗೂ ಹಳೆಯ ಆಟಗಾರರು ಆ ಪ್ರಕ್ಷಿಪ್ತವನ್ನೇ ಹೆಚ್ಚು ಪ್ರೀತಿಯಿಂದ ನೆನೆಯುತ್ತಾರೆ.

ಶಾಸನಕ್ಕೆ ಒಂದು ಕಠೋರತೆಯೂ ಉಂಟು. ಇದೇ ಆವೃತ್ತಿಯಲ್ಲಿ ಬೆಲಾರೂಸ್ ದೇಶದ ಮಾಕ್ಸಿಮ್ ತ್ಸಿಗಾಲ್ಕೊ ಎಂಬ ತರುಣನಿದ್ದಾನೆ. ಮಿನ್ಸ್ಕ್ ನಗರದ ಡೈನಮೊ ತಂಡದವನು. ಅವನನ್ನು ಅಲ್ಪ ಬೆಲೆಗೆ ಕೊಂಡವರಿಗೆ ಅವನು ಋತುಋತುವಿಗೂ ಗೋಲುಗಳ ಮಳೆಗರೆಯುತ್ತಾನೆ. ಇವನು ಕಲ್ಪಿತನಲ್ಲ, ನಿಜವಾದ ಮನುಷ್ಯ. ತನ್ನ ದೇಶದ ತಂಡಕ್ಕೂ ಆಡಿದವನು. ಆದರೆ ನಿಜ ಜೀವನದಲ್ಲಿ ಗಾಯಗಳು ಅವನನ್ನು ಬೇಗ ಮೈದಾನದಿಂದ ಹೊರಗಿಟ್ಟವು. ೨೦೨೦ನೆಯ ಡಿಸೆಂಬರಿನಲ್ಲಿ, ೩೭ ವರ್ಷ ವಯಸ್ಸಿಗೇ, ಅವನು ತೀರಿಕೊಂಡ. ಅವನು ಆಡಿದ್ದನ್ನು ಒಮ್ಮೆಯೂ ಕಣ್ಣಾರೆ ಕಾಣದ ಎಷ್ಟೋ ದೇಶಗಳ ಜನ ಅಂದು ಮರುಗಿದರು. ಅಂಕ ಕೊಟ್ಟವರು ಭವಿಷ್ಯವನ್ನು ಬರೆದಿದ್ದರು; ಬದುಕು ಅದನ್ನು ಓದಲಿಲ್ಲ. ಮಕ್ಕಳ ಉತ್ತರಪತ್ರಿಕೆಗಳ ಮೇಲೆ ವರ್ಷವರ್ಷವೂ ಅಂಕ ಬರೆಯುವ ನನ್ನಂಥವರಿಗೆ ಈ ಕಥೆ ಒಂದು ಎಚ್ಚರಿಕೆ. ಹೊಸ ಆವೃತ್ತಿಗಳಲ್ಲಿ ತ್ಸಿಗಾಲ್ಕೊ ಇಲ್ಲ. ಹಳೆಯದನ್ನು ತೆರೆದರೆ ಅವನು ಇನ್ನೂ ಹದಿನೆಂಟರ ಹುಡುಗ. ಮುಂದಿನ ಬಾಳೆಲ್ಲ ಅವನ ಎದುರಿಗಿದೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಹಳೆಯ ಆವೃತ್ತಿಯಲ್ಲಿ ದೋಷಗಳಿಲ್ಲವೆಂದಲ್ಲ. ಯಾವ ಆಟಗಾರನನ್ನು ಕೊಂಡರೆ ಗೆಲ್ಲಬಹುದು, ಯಾವ ವ್ಯೂಹ ಎಂದೂ ಸೋಲದು ಎಂಬುದೆಲ್ಲ ಈಗ ಎಲ್ಲರಿಗೂ ಬಾಯಿಪಾಠ. ಉತ್ತರ ತಿಳಿದ ಒಗಟಿನಲ್ಲಿ ಸ್ವಾರಸ್ಯ ಎಲ್ಲಿಯದು? ತಂಡ ಸೋತಾಗ ಏಕೆ ಸೋತಿತೆಂದು ಹೊಸ ಆವೃತ್ತಿಯಲ್ಲಿ ಕಣ್ಣಾರೆ ನೋಡಿ ತಿದ್ದಿಕೊಳ್ಳಬಹುದು, ಹಳೆಯದರಲ್ಲಿ ಊಹಿಸಬೇಕು. ಮಹಿಳೆಯರ ಕಾಲ್ಚೆಂಡಾಟಕ್ಕೆ ಹಳೆಯ ಆಟದಲ್ಲಿ ಸ್ಥಳವೇ ಇರಲಿಲ್ಲ. ೨೦೨೫ನೆಯ ನವೆಂಬರಿನಲ್ಲಿ ಬಂದ ‘ಫುಟ್‌ಬಾಲ್ ಮ್ಯಾನೇಜರ್ ೨೬’ರಲ್ಲಿ ಅದು ಸೇರಿದೆ. ಇದು ಬರಿಯ ಅಲಂಕಾರವಲ್ಲ, ನಿಜವಾದ ವಿಸ್ತಾರ. ಒಬ್ಬ ಹುಡುಗಿ ಈ ಆಟವನ್ನು ತೆರೆದಾಗ ತನ್ನಂಥವರ ಹೆಸರುಗಳನ್ನು ಅಲ್ಲಿ ಕಂಡರೆ, ‘ಹಳೆಯದೇ ಸಾಕು’ ಎಂದು ಅವಳಿಗೆ ಹೇಳುವ ಹಕ್ಕು ನಮಗಿಲ್ಲ.

ಹೊಸದನ್ನು ಮಾಡುವುದೂ ಸುಲಭವಲ್ಲ. ಆಟದ ಒಳಗಿನ ಯಂತ್ರವನ್ನೇ ಬದಲಾಯಿಸಲು ಹೊರಟ ಸಂಸ್ಥೆ ತನ್ನ ‘ಫುಟ್‌ಬಾಲ್ ಮ್ಯಾನೇಜರ್ ೨೫’ನ್ನು ಮೊದಲು ಮುಂದೂಡಿತು; ೨೦೨೫ನೆಯ ಫೆಬ್ರವರಿಯಲ್ಲಿ ಪೂರ್ತಿಯಾಗಿ ಕೈಬಿಟ್ಟಿತು. ಅರೆಬೆಂದದ್ದನ್ನು ಬಡಿಸುವುದಕ್ಕಿಂತ ಎಲೆ ಎತ್ತಿಡುವುದು ಮೇಲೆಂದು ತಿಳಿದದ್ದು ಪ್ರಾಮಾಣಿಕತೆಯೇ ಸರಿ. ಆದರೆ ಅನಂತರ ಬಂದ ೨೬ರಲ್ಲಿ ಪರದೆಯ ವಿನ್ಯಾಸ ಗೊಂದಲವೆಂದು ದೂರಿ ೨೦೨೩ರಲ್ಲಿ ಪ್ರಕಟವಾದ ೨೪ನ್ನೇ ಮತ್ತೆ ತೆರೆದವರುಂಟು. ಹೀಗೆ ನಿನ್ನೆಯ ಹೊಸದು ಇಂದು ಕೆಲವರ ಅಚ್ಚುಮೆಚ್ಚಿನ ಹಳೆಯದಾಯಿತು.

ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಕಾಳಿದಾಸನು ಹಳೆಯ ಕವಿಗಳ ಎದುರಿಗೆ ತನ್ನಂಥ ಹೊಸಬನಿಗೂ ಪರೀಕ್ಷೆಯ ಅವಕಾಶ ಬೇಕೆಂದು ವಾದಿಸಿದ. ಅಂದು ಹಳೆಯದರ ಕಡೆಗೆ ತಕ್ಕಡಿ ವಾಲಿತ್ತು; ಹೊಸದರ ಪರವಾಗಿ ಮಾತಾಡುವವರು ಬೇಕಾಗಿತ್ತು. ಇಂದು ತಕ್ಕಡಿ ಆ ಕಡೆಗೆ ವಾಲಿದೆ. ಹೊಸದು ಬಂದೊಡನೆ ಹಿಂದಿನದು ತಾನಾಗಿ ಕೆಲಸಕ್ಕೆ ಬಾರದ್ದಾಯಿತೆಂಬ ನಂಬಿಕೆ ಬೆಳೆದಿದೆ. ಅವನ ವಾದವನ್ನೇ ಈಗ ಹಳೆಯದರ ಪರವಾಗಿ ಹೂಡಬೇಕಾಗಿದೆ. ಬೇಕಾದ್ದು ಪರೀಕ್ಷೆ, ಹುಟ್ಟಿದ ವರ್ಷ ಅಲ್ಲಿ ಸಾಕ್ಷಿಯಾಗಲಾರದು.

ಆದರೆ ಪರೀಕ್ಷೆ ನಡೆಯಬೇಕಾದರೆ ಎರಡೂ ನಮ್ಮ ಕೈಗೆ ಸಿಕ್ಕಬೇಕಷ್ಟೆ. ಇಲ್ಲಿಯೇ ನಿಜವಾದ ತೊಡಕು ಇರುವುದು. ಕಂಪ್ಯೂಟರುಗಳು ಬದಲಾಗುತ್ತವೆ, ಹಳೆಯ ಆಟ ಹೊಸ ಯಂತ್ರದಲ್ಲಿ ನಡೆಯಲು ಒಲ್ಲದು. ಹೆಸರುಗಳನ್ನೂ ಲಾಂಛನಗಳನ್ನೂ ಬಳಸುವ ಪರವಾನಗಿಯ ಅವಧಿ ತೀರಿದಾಗ ಆಟಗಳನ್ನು ಮಾರಾಟದಿಂದ ಹಿಂತೆಗೆದುಕೊಳ್ಳುವುದೂ ಉಂಟು. ಪುಸ್ತಕವಾದರೆ ಕಪಾಟಿನಲ್ಲಿ ಧೂಳು ತಿನ್ನುತ್ತಾದರೂ ಉಳಿದೀತು. ಇದಕ್ಕೆ ಆ ಭಾಗ್ಯವೂ ಇಲ್ಲ. ೨೦೦೧-೦೨ರ ಆವೃತ್ತಿಯ ಅದೃಷ್ಟ ದೊಡ್ಡದು. ೨೦೦೮ರ ಕೊನೆಯಲ್ಲಿ ಪ್ರಕಾಶಕರು ಅದನ್ನು ಉಚಿತವಾಗಿ ಬಿಟ್ಟುಕೊಟ್ಟರು. ಅಭಿಮಾನಿಗಳು ಅದನ್ನು ಹೊಸ ಯಂತ್ರಗಳಿಗೆ ಒಗ್ಗಿಸಿದರು. ಅಷ್ಟಕ್ಕೇ ನಿಲ್ಲದೆ, ಒಳಗಿನ ಯಂತ್ರವನ್ನು ಮುಟ್ಟದೆ, ಈ ಹೊತ್ತಿನ ಆಟಗಾರರ ಹೆಸರು ಅಂಕಗಳನ್ನು ತುಂಬಿದ ಪಟ್ಟಿಗಳನ್ನು ಬಿಡುವಿನ ವೇಳೆಯಲ್ಲಿ ಸಿದ್ಧಪಡಿಸುತ್ತ ಬಂದಿದ್ದಾರೆ. ಮೂಲ ಒಂದೇ, ವ್ಯಾಖ್ಯಾನ ಕಾಲಕಾಲಕ್ಕೆ ಹೊಸದು. ನಮ್ಮ ಪ್ರಾಚೀನ ಕಾವ್ಯಗಳು ಬದುಕಿ ಬಂದದ್ದೂ ಹೀಗೆಯೇ. ಹೊಸ ಟೀಕೆ ಬರೆದವರು, ಹೊಸ ರಾಗದಲ್ಲಿ ವಾಚಿಸಿದವರು ಮೂಲವನ್ನು ಉಳಿಸಿದರು.

ಆಟ ಸಣ್ಣದೆಂದು ಯಾರಾದರೂ ಹೇಳಬಹುದು. ಸಣ್ಣದೇ ಇರಲಿ. ತಾನು ಬಳಸುವ ವಸ್ತುವಿನಲ್ಲಿ ತನಗೆ ಬೇಕಾದ ಗುಣ ಯಾವುದು, ಬೇಡದ್ದು ಯಾವುದು ಎಂದು ಸ್ವಂತ ಬುದ್ಧಿಯಿಂದ ತೂಗಿ ನೋಡಿ, ‘ನನಗೆ ಇದು ಸಾಕು’ ಎಂದು ಹೇಳುವ ಅಭ್ಯಾಸ ಸಣ್ಣದಲ್ಲ. ಅದನ್ನು ಆಟದಲ್ಲಿ ಕಲಿತವನು ಬೇರೆ ಕಡೆಯೂ ಉಪಯೋಗಿಸಿಯಾನು.