ವಾಸನೆ ಹೋಯ್ತು, ಗ್ಯಾಸ್ ಹೋಯ್ತಾ?



ಮೈಸೂರಿನ ವಿದ್ಯಾರಣ್ಯಪುರಂ, ಕನಕಗಿರಿ ಕಡೆ ನೆಂಟರಿರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಗಾಳಿ ಮನೆ ಕಡೆ ತಿರುಗಿದ್ರೆ ಕಿಟಕಿ ಮುಚ್ಚಬೇಕು. ಕಸ ಸುರಿಯೋ ಸೂಯೇಜ್ ಫಾರ್ಮ್ ಅಲ್ಲೇ, ಒಳಚರಂಡಿ ನೀರಿನ ಶುದ್ಧೀಕರಣ ಘಟಕವೂ ಅಲ್ಲೇ. 2015, 2016ರಲ್ಲಿ ದೇಶದ ನಂಬರ್ ಒನ್ ಸ್ವಚ್ಛ ನಗರ ಅನ್ನಿಸಿಕೊಂಡ ಊರು ಸ್ವಾಮಿ ಇದು!

ಜನ ದೂರು ಕೊಡ್ತಾರೆ. ಯಾವುದೋ ದ್ರಾವಣ ಸಿಂಪಡಿಸ್ತಾರೆ. ವಾಸನೆ ತಗ್ಗುತ್ತೆ, ಎಲ್ಲರೂ ಸುಮ್ಮನಾಗ್ತಾರೆ. ನನ್ನ ತಕರಾರು ಇರೋದೇ ಇಲ್ಲಿ. ಮೂಗಿಗೆ ಬಡಿಯೋದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ನಾತ. ಅದರ ಜೊತೆಗೇ ಏಳೋ ಮೀಥೇನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಭೂಮಿಯನ್ನ ಬಿಸಿ ಮಾಡೋ ಅನಿಲ. ಮೂಗನ್ನ ನಂಬಿದ್ರೆ ಈ ಕಳ್ಳ ಯಾವತ್ತೂ ಸಿಕ್ಕಿಬೀಳಲ್ಲ.

ವಿದ್ಯಾರಣ್ಯಪುರಂ ಘಟಕದ ಸಾಮರ್ಥ್ಯ ದಿನಕ್ಕೆ 6.76 ಕೋಟಿ ಲೀಟರ್. ರಾಯನಕೆರೆಯದು 6 ಕೋಟಿ, ಕೆಸರೆಯದು 3 ಕೋಟಿ. ವಿದ್ಯಾರಣ್ಯಪುರಂನಲ್ಲಿರೋದು ತೆರೆದ ದೊಡ್ಡ ಹೊಂಡಗಳು. ಮೇಲ್ಗಡೆ ಯಂತ್ರ ನೀರು ಕಲಕಿ ಗಾಳಿ ಸೇರಿಸುತ್ತೆ. ತಳದ ಹೂಳಿಗೆ ಆ ಗಾಳಿ ಮುಟ್ಟಲ್ಲ. ಮೀಥೇನ್ ಹುಟ್ಟೋದು ಆ ಹೂಳಿನಲ್ಲಿ.

ಇದಕ್ಕೆ ಮದ್ದು? ಮೀಥೇನನ್ನೇ ತಿಂದು ಬದುಕೋ ಬ್ಯಾಕ್ಟೀರಿಯಾಗಳಿವೆ. 1906ರಲ್ಲೇ ಡಚ್ ವಿಜ್ಞಾನಿ ಸೋಂಗನ್ ಇದನ್ನ ತೋರಿಸಿಕೊಟ್ಟಿದ್ದರು. ನಮ್ಮ ಮಂಡ್ಯದ ಭತ್ತದ ಗದ್ದೆಗಳ ಬೇರಿನ ಬುಡದಲ್ಲೂ ಇದೇ ಕೆಲಸ ನಡೀತಿರುತ್ತೆ, ಯಾರೂ ಸಂಬಳ ಕೊಡಲ್ಲ. ಕಾಂಪೋಸ್ಟ್, ಮರದ ಚಕ್ಕೆ ತುಂಬಿದ ಹಾಸಿಗೆ ಮಾಡಿ, ಗ್ಯಾಸನ್ನ ಗಾಳಿ ಜೊತೆ ಅದರೊಳಗೆ ಹಾಯಿಸಿದ್ರೆ ಮೀಥೇನ್ ಹೋಗಿ ನೀರು, ಇಂಗಾಲದ ಡೈಆಕ್ಸೈಡ್ ಆಗುತ್ತೆ. ಇದಕ್ಕೆ ಬಯೋಫಿಲ್ಟರ್ ಅಂತಾರೆ. 'ಅದೂ ಕೆಟ್ಟ ಅನಿಲವೇ ಅಲ್ವಾ?' ಅಂತೀರಿ. ಹೌದು, ಒಂದು ಕೆಜಿ ಮೀಥೇನ್ ಪೂರ್ತಿ ಹೀಗೆ ಬದಲಾದ್ರೆ 2.75 ಕೆಜಿ ಬರುತ್ತೆ. ಆದ್ರೆ 80 ಎಲ್ಲಿ, 2.75 ಎಲ್ಲಿ?

ಸಲೀಸು ಅಂತ ಮಾತ್ರ ನಾನು ಹೇಳಲ್ಲ. ತೆರೆದ ಹೊಂಡದ ಗ್ಯಾಸನ್ನ ಹಿಡಿಯೋಕಾಗಲ್ಲ, ಮೊದಲು ಹೊದಿಕೆ ಹಾಕಬೇಕು. ಗ್ಯಾಸ್ ದಟ್ಟವಾಗಿದ್ರೆ ಉರಿಸಿ ಕರೆಂಟ್ ಮಾಡೋದೇ ಜಾಣತನ. ಉರಿಯದಷ್ಟು ತೆಳ್ಳಗಿರೋದಕ್ಕೆ ಈ ಬ್ಯಾಕ್ಟೀರಿಯಾ. ಅವು ನಿಧಾನ, ಅದಕ್ಕೇ ಜಾಗ ಜಾಸ್ತಿ ಬೇಕು. ಬೇಸಿಗೆಯಲ್ಲಿ ಹಾಸಿಗೆ ಒಣಗಿದ್ರೆ ಕೆಲಸ ನಿಂತಂತೆಯೇ. ಕಾಂಪೋಸ್ಟ್ ಕೂಡ ಚೆನ್ನಾಗಿ ಕಳಿತಿರಬೇಕು, ಹಸಿದಾದ್ರೆ ಅದೇ ಮೀಥೇನ್ ಬಿಡುತ್ತೆ.

ಮೈಸೂರಿನ ಕಾಂಪೋಸ್ಟ್ ಘಟಕ ಎಲ್ಲಿದೆ ಗೊತ್ತಾ? ಅದೇ ಸೂಯೇಜ್ ಫಾರ್ಮ್‌ನಲ್ಲಿ! ಒಂದೇ ಒಂದು ಹೊಂಡಕ್ಕೆ, ಒಂದೇ ಒಂದು ಮೂಲೆಗೆ ಹೊದಿಕೆ ಹಾಕಿ ಪ್ರಯೋಗ ಮಾಡಿ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಅಂತ ಮೀಟರ್ ಇಟ್ಟು ಅಳೆದು, ಆ ಅಂಕಿಯನ್ನ ಘಟಕದ ಗೇಟಿಗೆ ಅಂಟಿಸಿ. 'ಈಗ ವಾಸನೆ ಬರ್ತಿಲ್ಲ ಸಾರ್' ಅನ್ನೋ ಉತ್ತರ ಬೇಡ.