ಟೇಪು ಸುತ್ತಿದ ಬಾಟಲಿ

ಮಣ್ಣಿನ ಪಾತ್ರೆಗೆ ಪ್ಲಾಸ್ಟಿಕ್ ಸೇರಿಸುವುದೆಂದರೆ ನಮ್ಮಲ್ಲಿ ಅನೇಕರಿಗೆ ಅಪಚಾರವೆನಿಸುತ್ತದೆ. ನನಗೂ ಹಾಗೇ ಅನಿಸುತ್ತಿತ್ತು. ನೆದರ್ಲೆಂಡ್ಸ್‌ನ ವಿನ್ಯಾಸಕಿ ಹೆಲ್ಲಾ ಯೊಂಗೇರಿಯಸ್ ಅವರ ಕೆಲಸದ ಚಿತ್ರಗಳನ್ನು ನೋಡಿದ ಮೇಲೆ ಆ ಬಿಗುವು ಸ್ವಲ್ಪ ಸಡಿಲವಾಯಿತು.

ತೊಡಕು ಎಲ್ಲಿದೆಯೆಂದು ಮೊದಲು ನೋಡೋಣ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ, ಬೇಯುವಾಗ ಮತ್ತೆ ಕುಗ್ಗುತ್ತದೆ. ಪಿಂಗಾಣಿ ಹದಕ್ಕೆ ಬರಲು ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಹೊತ್ತಿಗೆ ಬಾಟಲಿಯ ಗಾಜು ಕರಗಿ ಇಳಿದಿರುತ್ತದೆ. ಪ್ಲಾಸ್ಟಿಕ್ ಅದಕ್ಕೂ ಎಷ್ಟೋ ಮೊದಲೇ ಸುಟ್ಟುಹೋಗಿರುತ್ತದೆ. ಹಾಗಾಗಿ ಇವುಗಳ ನಂಟು ಆವಿಗೆಯೊಳಗೆ ಕುದುರುವುದಿಲ್ಲ. ಎಲ್ಲವೂ ಬೆಂದು ತಣಿದ ಮೇಲೆ ಹೊರಗೆ ಜೋಡಿಸಬೇಕು. ಎಪಾಕ್ಸಿ ಅಂಟು ಹಚ್ಚಿ, ಕೂಡಿದ ಜಾಗಕ್ಕೆ ಬಣ್ಣ ಬಳಿದು ಮುಚ್ಚುವುದು ಸುಲಭದ ದಾರಿ.

ಯೊಂಗೇರಿಯಸ್ ಮುಚ್ಚಲಿಲ್ಲ. 2000ದಲ್ಲಿ ಅವರು ಮಾಡಿದ ನೀಳ ಕೊರಳಿನ ಬಾಟಲಿಗಳಲ್ಲಿ ಒಂದು ಭಾಗ ಗಾಜು, ಇನ್ನೊಂದು ಭಾಗ ಪಿಂಗಾಣಿ. ಎರಡನ್ನೂ ಹಿಡಿದಿಟ್ಟಿರುವುದು ಸರಕಿನ ಪೆಟ್ಟಿಗೆಗೆ ಸುತ್ತುವಂಥ ಪ್ಲಾಸ್ಟಿಕ್ ಟೇಪು! ಅಂಗಡಿಯ ಹುಡುಗ ಆತುರದಲ್ಲಿ ಸುತ್ತಿದಂತೆ ಕಾಣುವ ಆ ಟೇಪೇ ಬಾಟಲಿಯ ಅಲಂಕಾರವೂ ಹೌದು. ಒಂದಾಗದ ಎರಡು ವಸ್ತುಗಳನ್ನು ಒಂದಾದಂತೆ ನಟಿಸದೆ ಒಟ್ಟಿಗೆ ನಿಲ್ಲಿಸಿದ್ದಾರೆ. ನನಗೆ ಹಿಡಿಸಿದ್ದು ಈ ಪ್ರಾಮಾಣಿಕತೆ.

ಇದಕ್ಕೂ ಮುಂಚೆ, 1993-94ರ ಸುಮಾರಿಗೆ, ಅವರು ಇನ್ನೊಂದು ಕೀಟಲೆ ಮಾಡಿದ್ದರು. ಹಳೆಯ ಕಾಲದ ಮಣ್ಣಿನ ಕುಂಭದ ಆಕಾರವನ್ನೇ ತೆಗೆದುಕೊಂಡು ಪಾಲಿಯುರೆಥೇನ್ ರಬ್ಬರಿನಲ್ಲಿ ಎರಕ ಹೊಯ್ದರು. ಅಚ್ಚಿನ ಗೆರೆಗಳನ್ನು ಉಜ್ಜಿ ತೆಗೆಯಲಿಲ್ಲ. ನೋಡಿದರೆ ಮಡಕೆ, ಮುಟ್ಟಿದರೆ ಮೆತ್ತಗೆ. ಕೈಜಾರಿದರೂ ಚೂರಾಗುವ ಭಯವಿಲ್ಲ. ಮಣ್ಣೇ ಇಲ್ಲದ ಇದನ್ನು ಕುಂಭವೆನ್ನಬಹುದೇ ಎಂದು ಕೇಳಿದರೆ, ಆಕಾರ ನೋಡಿ ನಾವು ಹಾಗೆ ಕರೆದುಬಿಟ್ಟಿರುತ್ತೇವೆ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಬಿದ್ದರೆ ಒಡೆಯುವ ಮಡಕೆಯ ಚೂರು ನೆಲದಡಿಯಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಊರುಗಳ ಕಾಲವನ್ನು ಪುರಾತತ್ವಜ್ಞರು ಗುರುತಿಸುವುದು ಅಂಥ ಚೂರುಗಳಿಂದ. ಬಿದ್ದರೂ ಒಡೆಯದ ಪಾಲಿಯುರೆಥೇನ್ ಮಾತ್ರ ಬೆಳಕಿಗೆ, ತೇವಕ್ಕೆ ಕೆಲವೇ ದಶಕಗಳಲ್ಲಿ ಬಣ್ಣಗೆಟ್ಟು ಜೀರ್ಣವಾಗಬಲ್ಲದು. ಟೇಪಿನ ಅಂಟೂ ಒಣಗುತ್ತದೆ. ಗಾಜು, ಪಿಂಗಾಣಿ ಗಟ್ಟಿಯಾಗಿಯೇ ಇರುವಾಗ ನಡುವಿನ ಟೇಪು ಬಿಟ್ಟುಕೊಂಡರೆ ವಸ್ತುಸಂಗ್ರಹಾಲಯದವರು ಏನು ಮಾಡಬೇಕು? ಹೊಸ ಟೇಪು ಸುತ್ತಿದರೆ ಅದು ಅವರ ಕೈಕೆಲಸವಾಗುತ್ತದೆ. ಸುತ್ತದಿದ್ದರೆ ಕಪಾಟಿನಲ್ಲಿ ಉಳಿಯುವುದು ಒಂದು ಗಾಜಿನ ತುಂಡು, ಒಂದು ಪಿಂಗಾಣಿಯ ತುಂಡು.